ಬಜಾರ್ ಅಂತ ಹೆಸರಿದೆ, ಬಜಾರ್ ಎಲ್ಲಿ?

ಹೋದ ಭಾನುವಾರ ಆಫೀಸಿನವರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷನ ಗೋಪುರದ ಎದುರಿನ ರಥಬೀದಿಯಲ್ಲಿ, ಅದೇ ಹಂಪಿ ಬಜಾರ್‌ನಲ್ಲಿ, ಒಬ್ಬ ಹುಡುಗ ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡು ರೀಲ್ಸ್ ಮಾಡ್ತಿದ್ದ. "ಗೈಸ್, ಮೊದಲು ಇಲ್ಲೆಲ್ಲ ಬರೀ ಒತ್ತುವರಿ. ಟೂರಿಸ್ಟ್‌ಗಳಿಗೆ ಟೋಪಿ ಹಾಕೋರ ಅಂಗಡಿಗಳು. ಈಗ ನೋಡಿ, ಎಷ್ಟು ಕ್ಲೀನ್!"

ಆ ಟೋಪಿ ಹಾಕೋರಲ್ಲಿ ನಾನೂ ಒಬ್ಬ ಕಣಪ್ಪಾ ಅಂತ ಬಾಯಿಯವರೆಗೂ ಬಂತು. ಪಕ್ಕದಲ್ಲಿ ಮ್ಯಾನೇಜರ್ ಇದ್ದರು, ನುಂಗಿಕೊಂಡೆ. ಈಗ ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ನಿಮಗೆಲ್ಲ ಗೊತ್ತಿರೋದೇ. ಹೊಸಪೇಟೆಯಲ್ಲಿ ಬಿ.ಕಾಂ. ಓದುವಾಗ, 2004ರಿಂದ ಮೂರು ವರ್ಷ ನಾನು ಆ ಬೀದಿಯಲ್ಲಿ ಅಂಗಡಿ ಹುಡುಗ. ಒಂದೇ ಕೋಣೆ. ಅದರಲ್ಲೇ ಎಸ್‌ಟಿಡಿ ಫೋನ್, ಎರಡು ಕಂಪ್ಯೂಟರ್, ಡಾಲರ್ ಬದಲಾವಣೆ, ಗೋವಾ ಬಸ್ಸಿನ ಟಿಕೆಟ್, ಬಾಡಿಗೆ ಸೈಕಲ್. ಕಾಮರ್ಸ್ ಕಾಲೇಜಿನಲ್ಲಿ ಓದಿದೆ ಅಂತ ಮಾರ್ಕ್ಸ್ ಕಾರ್ಡ್ ಹೇಳುತ್ತೆ. ಕಲಿತಿದ್ದು ಆ ಕೋಣೆಯಲ್ಲಿ.

ನಮ್ಮ ಸಾವ್ಕಾರ್ರು ಏಳನೇ ಕ್ಲಾಸು. ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಪಟ್ಟಿ ಪಟ್ಟಿ ಸ್ಯಾಂಡಲ್ ಅಂದರೆ ಇಸ್ರೇಲ್, ಸೈನ್ಯದ ಕೆಲಸ ಮುಗಿಸಿ ಬಂದ ಹುಡುಗರು, ಚೌಕಾಸಿಯಲ್ಲಿ ನಮ್ಮಪ್ಪಂದಿರು. ಸಾಕ್ಸು, ಬೂಟು ಅಂದರೆ ಜರ್ಮನಿ, ಹೇಳಿದ ರೇಟು ಕೊಟ್ಟು ರಸೀದಿ ಕೇಳೋರು. ಬರಿಗಾಲು ಅಂದರೆ ಯಾವ ದೇಶ ಆದರೂ ಒಂದೇ, ದುಡ್ಡಿಲ್ಲ. "ಲೇ ತಮ್ಮಾ, ರೇಟು ನೀ ಮೊದಲು ಹೇಳಬ್ಯಾಡ. ಅವರ ಬಾಯಿಂದ ಬರಲಿ" ಅನ್ನೋರು. ಎಂಬಿಎಯವರು ಇದನ್ನೇ ಎರಡು ವರ್ಷ ಲಕ್ಷಗಟ್ಟಲೆ ಫೀಸು ತಗೊಂಡು ಹೇಳಿಕೊಡ್ತಾರೆ.

ಲಂಬಾಣಿ ಅಕ್ಕ ಒಬ್ಬರಿದ್ದರು. ಕನ್ನಡಿ ಕೂರಿಸಿದ ಬಟ್ಟೆಯನ್ನು ಕೈಗೆ ಕೊಡುತ್ತಲೇ ಇರಲಿಲ್ಲ. ಸೀದಾ ಹೆಗಲಿಗೆ ಹೊದಿಸಿ ಎರಡು ಹೆಜ್ಜೆ ಹಿಂದೆ ಸರಿದು, ಗಲ್ಲದ ಮೇಲೆ ಕೈಯಿಟ್ಟು ಬೆರಗಾಗಿ ನೋಡೋರು. ಅಷ್ಟೇ. ಆ ನೋಟಕ್ಕೆ ಇನ್ನೂರು ರೂಪಾಯಿ ಜಾಸ್ತಿ. ಹರಿಗೋಲಿನ ಮಾಮನ ಲೆಕ್ಕ ಸೂರ್ಯನ ಮೇಲೆ. ಬೆಳಕಿದ್ದಾಗ ಒಂದು ರೇಟು, ಮುಳುಗಿದ ಮೇಲೆ ಆಚೆ ದಡದ ವಿರೂಪಾಪುರ ಗಡ್ಡೆಗೆ ಹೋಗೋರಿಗೆ ಮೂರು ಪಟ್ಟು. ಕೇಳಿದರೆ, "ಈಜಿಕೊಂಡು ಹೋಗ್ರಿ, ಅದು ಫ್ರೀ." ಬಾಳೆಹಣ್ಣಿನ ಅಜ್ಜಿಗೆ ಹೆಬ್ಬೆಟ್ಟಿನ ಸಹಿ. ಆದರೆ ವ್ಯಾಪಾರ ಕುದುರಿದ ತಕ್ಷಣ ಹೀಬ್ರೂನಲ್ಲಿ "ಬೆಸೆದರ್" ಅನ್ನೋಳು. ಹಾಗಂದರೆ ಸರಿ ಅಂತ.

ಇವರನ್ನೆಲ್ಲ ಈಗ ಒಂದೇ ಮಾತಲ್ಲಿ ಒತ್ತುವರಿ ಅಂದುಬಿಟ್ಟರೆ ಆಯ್ತಾ?

ಹಾಂ, ಗೊತ್ತು. ಕಾಮೆಂಟ್‌ನಲ್ಲಿ ಬಂದು "ಸ್ಮಾರಕ ಹಾಳಾಗ್ತಿತ್ತಲ್ಲ ಸಾರ್" ಅಂತೀರಿ. ಒಪ್ಪಿದೆ. ಕಲ್ಲುಮಂಟಪದ ಕಂಬಗಳ ಮಧ್ಯೆ ಇಟ್ಟಿಗೆ ಗೋಡೆ ಕಟ್ಟಿದ್ದರು, ಸುಣ್ಣ ಬಳಿದಿದ್ದರು, ಕೊಳಚೆ ನೀರಿಗೆ ಲಂಗುಲಗಾಮು ಇರಲಿಲ್ಲ. ಬಸ್ಸಿನ ಬೋರ್ಡು ತೂಗುಹಾಕೋಕೆ ಕಲ್ಲಿನ ಸಂದಿಗೆ ಮೊಳೆ ಹೊಡೆದವನು ನಾನೇ. ಕಮ್ಮಿ ಪಾಪವೇನಲ್ಲ. ಆದರೆ ಸ್ವಲ್ಪ ಇಸವಿ ನೋಡಿ. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಲ್ಲಿ ಯುನೆಸ್ಕೊ ಅದನ್ನು ಅಪಾಯದ ಪಟ್ಟಿಗೆ ಹಾಕಿದ್ದಕ್ಕೆ ದೊಡ್ಡ ಕಾರಣ ಹೊಳೆಗೆ ಕಟ್ಟುತ್ತಿದ್ದ ಸೇತುವೆ, ಬಾಳೆಹಣ್ಣಿನ ಅಜ್ಜಿ ಅಲ್ಲ. 2006ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂದಾಗ ನಾವೆಲ್ಲ ಅಂಗಡಿ ತೆಗೆದುಕೊಂಡೇ ಕೂತಿದ್ದೆವು! ಮೊಳೆ ಕೀಳಿಸಬಹುದಿತ್ತು, ಬೋರ್ಡು ತೆಗೆಸಬಹುದಿತ್ತು. 2011ರ ಜುಲೈನಲ್ಲಿ ಅಂಗಡಿಗಳನ್ನು ಕೆಡವೋಕೆ ಜೆಸಿಬಿಯನ್ನೇ ತರಬೇಕಿತ್ತಾ?

1443ರಲ್ಲಿ ಷಾರೂಖ್‌ನ ರಾಯಭಾರಿಯಾಗಿ (ನಟ ಅಲ್ಲ, ಹೆರಾತ್‌ನ ದೊರೆ) ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಇಲ್ಲಿನ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರವನ್ನು ಬಯಲಲ್ಲೇ ಇಟ್ಟು ಮಾರ್ತಾರೆ ಅಂತ ಬೆರಗಾಗಿ ಬರೆದ. ಗೈಡುಗಳು ಇದನ್ನು ಎದೆಯುಬ್ಬಿಸಿ ಹೇಳ್ತಾರೆ. ಆ ವ್ಯಾಪಾರಿಗಳೇನು ಧರ್ಮಛತ್ರ ನಡೆಸ್ತಿದ್ದರಾ? ಅವರೂ ಗಿರಾಕಿಯ ಕಾಲು ನೋಡಿಯೇ ರೇಟು ಹೇಳಿರ್ತಾರೆ. ಐನೂರು ವರ್ಷ ಹಳೆಯದಾದರೆ ವೈಭವ, ನಮ್ಮ ಕಾಲದ್ದಾದರೆ ಟೋಪಿ!

ತಮಾಷೆ ಕೇಳಿ. ಸಂಜೆ ನಾವು ಉಳಿದಿದ್ದ ರೆಸಾರ್ಟಿನಲ್ಲಿ ಹುಲ್ಲುಹಾಸಿನ ಮೇಲೆ ನಾಲ್ಕು ಸ್ಟಾಲು ಹಾಕಿ 'ಹಂಪಿ ಬಜಾರ್' ಅಂತ ಬರೆದಿದ್ದರು. ಕನ್ನಡಿ ಬಟ್ಟೆ, ಬಳೆ, ಚಿಕ್ಕ ಕಲ್ಲಿನ ರಥ. ರೇಟಿನ ಚೀಟಿ ಅಂಟಿಸಿದ್ದರು, ಚೌಕಾಸಿ ಇಲ್ಲ. ಮ್ಯಾನೇಜರ್ ಖುಷಿಯಾಗಿ ಒಂದು ಶಾಲು ತಗೊಂಡರು. ನಮ್ಮ ಲಂಬಾಣಿ ಅಕ್ಕ ಹೇಳುತ್ತಿದ್ದ ರೇಟಿನ ಆರು ಪಟ್ಟು. ಇದು ಟೋಪಿ ಅಲ್ವಾ? ಅಲ್ಲ, ಇದು ಎಕ್ಸ್‌ಪೀರಿಯೆನ್ಸ್ ಅಂತೆ.

ನಾನೇನು ಸತ್ಯಹರಿಶ್ಚಂದ್ರ ಅಲ್ಲ. ಡಕೋಟಾ ಬಸ್ಸಿಗೆ 'ಸೂಪರ್ ಡಿಲಕ್ಸ್ ಸ್ಲೀಪರ್' ಅಂತ ಟಿಕೆಟ್ ಹರಿದಿದ್ದೇನೆ. ಗೋವಾಕ್ಕೆ ಹೋದವರು ಜಗಳ ಆಡೋಕೆ ಹಂಪಿಗೆ ವಾಪಸ್ ಬರೋದಿಲ್ಲ, ಆ ಧೈರ್ಯ. ಆದರೆ ಅದಕ್ಕಿಂತ ದೊಡ್ಡದು ಒಂದಿದೆ, ಇದುವರೆಗೆ ಯಾರಿಗೂ ಹೇಳಿಲ್ಲ. ಅಂಗಡಿಗಳನ್ನು ಕೆಡವಿದ ದಿನ ನಾನು ಬೆಂಗಳೂರಿನ ರೂಮಿನಲ್ಲಿ ಟಿವಿ ನೋಡುತ್ತಾ ಊಟ ಮಾಡ್ತಿದ್ದೆ. ಸಾವ್ಕಾರ್ರ ನಂಬರ್ ಇತ್ತು. ಫೋನ್ ಮಾಡಲಿಲ್ಲ. ದುಡ್ಡು ಕೇಳಿದರೆ ಏನು ಹೇಳಲಿ ಅನ್ನೋ ಲೆಕ್ಕ ತಲೆಗೆ ಬಂದಿತ್ತು. ನನ್ನ ಮೊದಲ ವರ್ಷದ ಫೀಸು ಕಟ್ಟಿದ್ದು ಅವರು.

ಭಾನುವಾರ ವಾಪಸ್ ಬರುವಾಗ ಕಾರ್ ಪಾರ್ಕಿಂಗ್ ಹತ್ತಿರ ಬಾಳೆಹಣ್ಣಿನ ಬುಟ್ಟಿ ಕಂಡಿತು. ಅದೇ ಅಜ್ಜಿ. ಬೆನ್ನು ಬಾಗಿದೆ. ಕೂಲಿಂಗ್ ಗ್ಲಾಸ್ ತೆಗೆಯದೆ ರೇಟು ಕೇಳಿದೆ.

"ಡಜನ್ ನೂರಾ ಇಪ್ಪತ್ತು."

"ಹೊಸಪ್ಯಾಟಿಯವ್ನು ಬೇ ನಾನು. ಅರವತ್ತಕ್ಕ ಕೊಡು."

ಕಣ್ಣು ಕಿರಿದು ಮಾಡಿ ನೋಡಿದಳು. "ಗೊತ್ತಾತು ಬಿಡೋ. ಎಸ್‌ಟಿಡಿ ಅಂಗಡಿ ಹುಡುಗ ಅಲ್ಲೇನು ನೀನು? ಹಣ್ಣಿಂದು ಅರವತ್ತು. ಇನ್ನ ಅರವತ್ತು ನಿಮ್ಮ ಸಾವ್ಕಾರನ ಬಾಕಿ."

ನೂರಾ ಇಪ್ಪತ್ತೂ ಕೊಟ್ಟೆ. ಅಜ್ಜಿ ನೋಟು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೆಸೆದರ್" ಅಂದಳು.