ಮ್ಯಾನಟಿಗೆ ಸೊಪ್ಪು ಕೊಡಬೇಡಿ, ನೀರೂ ಕೊಡಬೇಡಿ

ದುಬಾರೆಗೆ ಹೋದವರು ಕಾವೇರಿಯಲ್ಲಿ ಆನೆಯ ಮೈ ಉಜ್ಜಿ, ಸೊಂಡಿಲು ಸವರಿ, ಫೋಟೋ ತೆಗೆಸಿಕೊಂಡು ಬರುತ್ತಾರೆ. ಪ್ರಾಣಿಯ ಬಾಯಿಗೆ ಏನಾದರೂ ಇಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಊರಿಂದ ಬಂದ ನೆಂಟರನ್ನು ಮ್ಯಾನಟಿಗಳ, ಅಂದರೆ ನೀರಿನಲ್ಲೇ ಬದುಕಿ ಸೊಪ್ಪು ಮೇಯುವ ದೊಡ್ಡ ಕಡಲಹಸುಗಳ, ಜೊತೆ ಈಜಿಸಲು ಫ್ಲಾರಿಡಾದ ಕ್ರಿಸ್ಟಲ್ ರಿವರ್‌ ಊರಿಗೆ ಕರೆದೊಯ್ಯುವವರು ಮೊದಲು ಹೇಳಬೇಕಾದದ್ದು ಇದನ್ನೇ: ಅಲ್ಲಿ ಸವರಿದರೂ ತಪ್ಪು, ತಿನ್ನಿಸಿದರೂ ತಪ್ಪು. ತಮಾಷೆ ಏನೆಂದರೆ, ಮ್ಯಾನಟಿಗೆ ಇವತ್ತು ಬದುಕಿರುವ ಹತ್ತಿರದ ಬಂಧುಗಳಲ್ಲಿ ಆನೆಯೂ ಒಂದು. ಮುಂದಿನ ಈಜುಕಾಲಿನ ತುದಿಯಲ್ಲಿ ಆನೆಗಿರುವಂಥದೇ ಉಗುರುಗಳಿವೆ. ಆದರೆ ದುಬಾರೆಯ ಆನೆ ಪಳಗಿದ್ದು, ಪಕ್ಕದಲ್ಲಿ ಕಾವಾಡಿ ಇರುತ್ತಾನೆ. ಮ್ಯಾನಟಿ ಕಾಡುಪ್ರಾಣಿ, ನಾವು ಇಳಿಯುವುದು ಅದರ ಚಳಿಗಾಲದ ಆಸರೆಯೊಳಕ್ಕೆ.

ಮೂರು ಮೀಟರ್ ಉದ್ದ, ಸುಮಾರು 450 ಕಿಲೋ ತೂಕದ ದೇಹ ನೋಡಿದರೆ ಚಳಿ ತಾಗದ ಪ್ರಾಣಿ ಅನಿಸುತ್ತದೆ. ಅದು ನಿಜವಲ್ಲ. ತಿಮಿಂಗಿಲಕ್ಕಿರುವಂಥ ದಪ್ಪ ಕೊಬ್ಬಿನ ಪದರ ಇದಕ್ಕಿಲ್ಲ, ಮೈಯೊಳಗೆ ಶಾಖ ಹುಟ್ಟುವುದೂ ನಿಧಾನ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಹಲವು ದಿನ ಹಾಗೇ ಇದ್ದರೆ ಮೇವು ಬಿಡುತ್ತದೆ, ಚರ್ಮದಲ್ಲಿ ಹುಣ್ಣಾಗುತ್ತದೆ, ಕೊನೆಗೆ ಸಾಯುತ್ತದೆ. ಕ್ರಿಸ್ಟಲ್ ರಿವರ್‌ನ ಕೊಲ್ಲಿಯಾದ ಕಿಂಗ್ಸ್ ಬೇಯ ನೆಲದಡಿಯ ಚಿಲುಮೆಗಳು ವರ್ಷವಿಡೀ ಸುಮಾರು 22 ಡಿಗ್ರಿಯ ನೀರು ಉಕ್ಕಿಸುತ್ತವೆ. ಚಳಿಗಾಲದಲ್ಲಿ ಮ್ಯಾನಟಿಗಳು ಅಲ್ಲಿ ಸೇರುವುದು ಈ ಕಾರಣಕ್ಕೆ. ಮಲಗಿದ್ದನ್ನು ಎಬ್ಬಿಸಿ ಓಡಿಸಿದರೆ ಅದು ತಣ್ಣೀರಿಗೂ ದೋಣಿಗಳ ದಾರಿಗೂ ಹೋಗುತ್ತದೆ. ಬೆನ್ನ ಮೇಲೆ ಪ್ರೊಪೆಲ್ಲರ್ ಗಾಯದ ಕಲೆ ಇಲ್ಲದ ದೊಡ್ಡ ಮ್ಯಾನಟಿ ಕಡಿಮೆ. ಆ ಕಲೆಗಳನ್ನೇ ನೋಡಿ ಸಂಶೋಧಕರು ಒಂದೊಂದನ್ನೂ ಗುರುತಿಸುತ್ತಾರೆ.

ಕೊಡುವ ವಿಷಯಕ್ಕೆ ಬರೋಣ. ಕಟ್ಟೆಯ ಮೇಲೆ ನಿಂತು ಪೈಪಿನಿಂದ ಸಿಹಿನೀರು ಬಿಟ್ಟರೆ ಮ್ಯಾನಟಿ ಬಂದು ಕುಡಿಯುತ್ತದೆ, ಲೆಟಿಸ್ ಸೊಪ್ಪು ಎಸೆದರೆ ತಿನ್ನುತ್ತದೆ. ಬಾಯಾರಿದ ಜೀವಕ್ಕೆ ನೀರು ಕೊಡುವುದು ತಪ್ಪೇ ಎಂದು ನಮ್ಮ ಹಿರಿಯರು ಕೇಳುವುದು ಸಹಜ. ಒಮ್ಮೆ ರುಚಿ ಹತ್ತಿದ ಪ್ರಾಣಿ ಮನುಷ್ಯರ ಕಟ್ಟೆಗಳನ್ನು, ಅಂದರೆ ದೋಣಿ ನಿಲ್ಲುವ ಜಾಗಗಳನ್ನೇ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಎರಡೂ ಕಾನೂನುಬಾಹಿರ. 1972 ಮತ್ತು 1973ರ ಎರಡು ಫೆಡರಲ್ ಕಾಯ್ದೆಗಳ ಜೊತೆಗೆ ಫ್ಲಾರಿಡಾದ 1978ರ ಕಾಯ್ದೆಯೂ ಮ್ಯಾನಟಿಯನ್ನು ಕಾಯುತ್ತದೆ. ಫೆಡರಲ್ ದಂಡ 50,000 ಡಾಲರ್‌ವರೆಗೆ ಹೋಗಬಹುದು, ಒಂದು ವರ್ಷದವರೆಗೆ ಜೈಲೂ ಆಗಬಹುದು. ಬೆನ್ನಟ್ಟುವುದು, ಸುತ್ತುವರಿಯುವುದು, ಮೂಲೆಗೆ ತಳ್ಳುವುದು, ಮಲಗಿದ್ದರ ಮೇಲೆ ಮುಳುಗಿ ಇಳಿಯುವುದು, ತಾಯಿ ಮರಿಯ ನಡುವೆ ನುಗ್ಗುವುದು, ಇವನ್ನೆಲ್ಲ ಕಿಂಗ್ಸ್ ಬೇಗೆಂದೇ 2012ರಲ್ಲಿ ಮಾಡಿದ ನಿಯಮ ಹೆಸರಿಟ್ಟು ನಿಷೇಧಿಸಿದೆ.

ಹೋಗುವ ಕಾಲ ನವೆಂಬರ್ 15ರಿಂದ ಮಾರ್ಚ್ 31. ಹೆಚ್ಚು ಪ್ರಾಣಿಗಳು ಸಿಗುವುದು ಜನವರಿ, ಫೆಬ್ರುವರಿಯಲ್ಲಿ, ಅದೂ ಮೈ ನಡುಗುವ ಬೆಳಗುಗಳಲ್ಲಿ. ಬಿಸಿಲೇರಿದ ಮೇಲೆ ಅವು ಮೇಯಲು ಹೊರಡುತ್ತವೆ. ಹಾಗಾಗಿ ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿ. ಶನಿವಾರ ಹತ್ತು ಗಂಟೆಗೆ ಹೋದರೆ ಜನರ ಕಾಲು ಕೆದಕಿದ ಕೆಸರು ಕಾಣುತ್ತದೆ, ಮ್ಯಾನಟಿ ಕಾಣುವುದಿಲ್ಲ. ವಿಪರೀತ ಚಳಿಯಿದ್ದು ಪ್ರಾಣಿಗಳು ಕಿಕ್ಕಿರಿದರೆ ಕಿಂಗ್ಸ್ ಬೇಯ ತ್ರೀ ಸಿಸ್ಟರ್ಸ್ ಎಂಬ ಚಿಲುಮೆಯನ್ನು ಈಜುವವರಿಗೆ ಮುಚ್ಚುತ್ತಾರೆ. ಇದಕ್ಕೆ ಮುಂಗಡ ಸೂಚನೆ ಸಿಗುವುದು ಕಷ್ಟ. ಒಂದೇ ಬೆಳಗನ್ನು ನಂಬಿಕೊಂಡು ಒರ್ಲ್ಯಾಂಡೋದಿಂದ ಬರುವವರು ಇನ್ನೊಂದು ಬೆಳಗನ್ನು ಕೈಯಲ್ಲಿಟ್ಟುಕೊಂಡಿರಲಿ.

ಬುಕ್ ಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದವು: ಗೈಡ್ ನಮ್ಮ ಜೊತೆ ನೀರಿಗಿಳಿಯುತ್ತಾನೋ, ದೋಣಿಯಲ್ಲೇ ಕೂರುತ್ತಾನೋ? ಒಬ್ಬ ಗೈಡ್‌ಗೆ ಎಷ್ಟು ಜನ? ವೆಟ್‌ಸೂಟ್, ತೇಲುವ ಫೋಮ್ ಕೋಲು ಅವರೇ ಕೊಡುತ್ತಾರೋ? ಹೊರಡುವ ಮುನ್ನ ನಡವಳಿಕೆಯ ವಿಡಿಯೋ ತೋರಿಸುತ್ತಾರೋ? ‘ಮುಟ್ಟಲು ಸಿಗುತ್ತದೆ’ ಎಂದು ಆಸೆ ಹುಟ್ಟಿಸುವವರನ್ನು ಅಲ್ಲಿಗೇ ಬಿಡಿ.

ನಮ್ಮಲ್ಲಿ ಬಹಳ ಜನಕ್ಕೆ ಈಜು ಬರುವುದಿಲ್ಲ. ಇಲ್ಲಿ ಅದೊಂದೇ ಅಡ್ಡಿಯಾಗಬೇಕಿಲ್ಲ. ವೆಟ್‌ಸೂಟ್ ತಾನೇ ತೇಲಿಸುತ್ತದೆ, ಫೋಮ್ ಕೋಲನ್ನು ಕಂಕುಳಡಿ ಸಿಕ್ಕಿಸಿಕೊಂಡರೆ ಸಾಕು. ಮುಖವನ್ನು ನೀರಲ್ಲಿಟ್ಟು ಕೊಳವೆಯಿಂದ ಉಸಿರಾಡುವುದನ್ನು ಮಾತ್ರ ಮನೆಯ ಹತ್ತಿರದ ಕೊಳದಲ್ಲಿ ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಮೊದಲ ಗುಟುಕು ನೀರು ಒಳಹೋದಾಗ ಗಾಬರಿಯಿಂದ ಕಾಲು ಬಡಿಯುವವರೇ ಎಲ್ಲರಿಗಿಂತ ಹೆಚ್ಚು ಗಲಾಟೆ ಎಬ್ಬಿಸುವವರು. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಕೇಳಿ. ದಪ್ಪ ಮೀಸೆಯ ಸಂದಿನಿಂದ ಮಾಸ್ಕಿನೊಳಗೆ ನೀರು ಜಿನುಗುತ್ತದೆ, ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿದರೆ ತಡೆಯುತ್ತದೆ. ಬಳೆ, ಗೆಜ್ಜೆ, ಓಲೆ ಮನೆಯಲ್ಲೇ ಇರಲಿ. ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್) ಬೇಡವೇ ಬೇಡ, ಅದು ಕೆಸರೆಬ್ಬಿಸುತ್ತದೆ. 22 ಡಿಗ್ರಿ ನೀರು ಮೊದಲು ಹಿತವಾಗಿರುತ್ತದೆ, ಮುಕ್ಕಾಲು ಗಂಟೆಯಲ್ಲಿ ಹಲ್ಲು ಕಟಕಟಿಸುತ್ತದೆ. ಒಣ ಬಟ್ಟೆ, ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಕಾಫಿ ದೋಣಿಯಲ್ಲಿ ಇರಲಿ.

ನೀರಿನಲ್ಲಿ ಮಾಡಬೇಕಾದದ್ದು ಬಹುಮಟ್ಟಿಗೆ ಏನೂ ಇಲ್ಲ. ಮೇಲೆ ಅಡ್ಡಲಾಗಿ ತೇಲಿ, ನೆಲಕ್ಕೆ ಕಾಲೂರಬೇಡಿ, ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ಮಲಗಿದ ಮ್ಯಾನಟಿ ಕೆಲವು ನಿಮಿಷಕ್ಕೊಮ್ಮೆ, ಕೆಲವೊಮ್ಮೆ 20 ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೇಳುತ್ತದೆ. ಅದರ ತಲೆಯ ಮೇಲೆ ನೇರವಾಗಿ ತೇಲುತ್ತಿರಬೇಡಿ. ಮರಿ ತಾನಾಗಿ ಬಂದು ಫೋಮ್ ಕೋಲನ್ನು ಮೂಸಿದರೆ ಸುಮ್ಮನಿರಿ. ಹಗ್ಗ, ತೇಲುಬುರುಡೆಗಳಿಂದ ಗುರುತಿಸಿ ಮ್ಯಾನಟಿಗಳಿಗೇ ಬಿಟ್ಟ ಜಾಗದೊಳಗೆ ಕೈ ಕೂಡ ಹೋಗಬಾರದು.

ಇಷ್ಟೆಲ್ಲ ಶಿಸ್ತಿದ್ದರೂ ಅಮೆರಿಕದ ಈ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಲ್ಲ. ರಂಗನತಿಟ್ಟಿನಲ್ಲಿ ಹಕ್ಕಿ ನೋಡಲು ಅರಣ್ಯ ಇಲಾಖೆಯ ದೋಣಿ ಹತ್ತುತ್ತೇವೆ. ಗೂಡುಗಳಿರುವ ನಡುಗಡ್ಡೆಯ ಮೇಲೆ ಕಾಲಿಡುವ ಪ್ಯಾಕೇಜನ್ನು ಯಾರೂ ಮಾರುವುದಿಲ್ಲ, ನೋಡಿದ ಸಂತೋಷಕ್ಕೂ ಕೊರತೆಯಾಗುವುದಿಲ್ಲ. ಕ್ರಿಸ್ಟಲ್ ರಿವರ್‌ನಲ್ಲಿ ಪ್ರತಿಯೊಬ್ಬನೂ ನಿಯಮ ಪಾಲಿಸಿದರೂ ಇಕ್ಕಟ್ಟಾದ ಚಿಲುಮೆಯೊಳಗೆ ತಂಡದ ಹಿಂದೆ ತಂಡ ಇಳಿದರೆ ಪ್ರಾಣಿಗೆ ನೆಮ್ಮದಿ ಎಲ್ಲಿಯದು? ಅದೇ ಫ್ಲಾರಿಡಾದ ಬ್ಲೂ ಸ್ಪ್ರಿಂಗ್ ಸ್ಟೇಟ್ ಪಾರ್ಕ್ ಬೇರೆ ದಾರಿ ಹಿಡಿದಿದೆ: ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆವರೆಗೆ ಚಿಲುಮೆಯ ಹಾದಿಗೆ ಈಜುಗಾರರೂ ಇಲ್ಲ, ದೋಣಿಯೂ ಇಲ್ಲ. ಚಳಿ ಜೋರಿದ್ದ ದಿನ ಮರದ ಹಲಗೆಯ ಕಾಲುದಾರಿಯಿಂದ ಬಗ್ಗಿ ನೋಡಿದರೆ ತಿಳಿನೀರಿನಲ್ಲಿ ನೂರಾರು ಮ್ಯಾನಟಿಗಳು.

ಹಿರಿಯರು, ಎಳೆಯ ಮಕ್ಕಳು ಇರುವ ಕುಟುಂಬಕ್ಕೆ ನನ್ನ ಸಲಹೆ ಅದೇ. ವಾರಾಂತ್ಯದಲ್ಲಿ ಅಲ್ಲಿ ಕಾರು ನಿಲ್ಲಿಸುವ ಜಾಗ ಬೇಗ ತುಂಬುತ್ತದೆ, ಆಮೇಲೆ ಬಂದವರನ್ನು ಗೇಟಿನಲ್ಲೇ ತಡೆಯುತ್ತಾರೆ. ಗೇಟು ತೆರೆಯುವುದು ಬೆಳಗ್ಗೆ 8ಕ್ಕೆ. ಅಷ್ಟರೊಳಗೆ ಸಾಲಿನಲ್ಲಿರಿ, ಉಪ್ಪಿಟ್ಟು ಡಬ್ಬಿಯಲ್ಲಿರಲಿ.