ಹಣ ಕೊಟ್ಟವರಿಗೆ ಕುರ್ಚಿ ಯಾಕಿಲ್ಲ?

ಮೊನ್ನೆ ಒಂದು ಎಡ ಸಂಘಟನೆಯ ಸಭೆಗೆ ಹೋಗಿದ್ದೆ. ಕೆಳಗೆ ಕೂತವರಲ್ಲಿ ಜಾಸ್ತಿ ಜನ ಅಂಗನವಾಡಿ, ಬಿಸಿಯೂಟದ ಹೆಂಗಸರು. ಡಬ್ಬಿ ಹಿಡಿದು ಚಂದಾ ಎತ್ತಿದವರೂ ಅವರೇ. ವೇದಿಕೆ ಮೇಲೆ ಸಾಲಾಗಿ ಗಂಡಸರು. ಸಿಟ್ಟು ಇನ್ನೂ ಇಳಿದಿಲ್ಲ.

ನಾನೂ ಈ ಎಡ ಪಕ್ಷದ ಕಡೆಯವಳೇ. ಸಂಬಳ ಬಂದ ದಿನವೇ ಲೆವಿ, ಅಂದರೆ ಪಕ್ಷಕ್ಕೆ ಕೊಡುವ ಪಾಲಿನ ದುಡ್ಡು, ತೆಗೆದಿಡುತ್ತಿದ್ದ ಅಪ್ಪನ ಮಗಳು. ಸಿಪಿಎಂ ದುಡ್ಡು ಕೂಡಿಸುವ ರೀತಿ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಸದಸ್ಯರು ತಮ್ಮ ಆದಾಯದ ಒಂದು ಪಾಲು ಕೊಡುತ್ತಾರೆ. ಶಾಸಕರು, ಸಂಸದರು ತಮ್ಮ ಸಂಬಳವನ್ನು ಪಕ್ಷಕ್ಕೆ ಒಪ್ಪಿಸುತ್ತಾರೆ. 2018ರಲ್ಲಿ ಚುನಾವಣಾ ಬಾಂಡ್, ಅಂದರೆ ಹೆಸರು ಹೇಳದೆ ಪಕ್ಷಗಳಿಗೆ ದೇಣಿಗೆ ಕೊಡುವ ಯೋಜನೆ, ಬಂದಾಗ ಈ ಪಕ್ಷ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಅಷ್ಟೇ ಅಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಫೆಬ್ರವರಿ 15ರಂದು ಕೋರ್ಟು ಆ ಯೋಜನೆಯನ್ನೇ ರದ್ದು ಮಾಡಿತು. ಆ ದಿನ ನಾನು ನಿಜವಾಗಿ ಅತ್ತಿದ್ದೆ.

ಆದರೆ ದುಡ್ಡು ಬಡವರದ್ದು ಅಂದ ಮೇಲೆ ತೀರ್ಮಾನವೂ ಅವರದ್ದಾಗಬೇಕು, ಅಲ್ವಾ?

1964ರಲ್ಲಿ ಪಕ್ಷ ಹುಟ್ಟಿದಾಗ ಅದರ ಉನ್ನತ ನಾಯಕರ ಸಮಿತಿಯಾದ ಪಾಲಿಟ್‌ಬ್ಯೂರೊದಲ್ಲಿ 9 ಜನ, ಒಂಬತ್ತೂ ಗಂಡಸರು. ಮೊದಲ ಹೆಂಗಸು ಬೃಂದಾ ಕಾರಟ್ ಒಳಗೆ ಬಂದದ್ದು 2005ರಲ್ಲಿ. ಮೊದಲ ದಲಿತ ನಾಯಕ ರಾಮಚಂದ್ರ ಡೋಮ್ ಬಂದದ್ದು 2022ರ ಕಣ್ಣೂರು ಮಹಾಧಿವೇಶನದಲ್ಲಿ. 58 ವರ್ಷ! ಕೂಲಿಕಾರರ ಪಕ್ಷಕ್ಕೆ ಇಷ್ಟು ಕಾಲ ಬೇಕಾಯಿತೇ? 2025ರ ಮಧುರೈ ಮಹಾಧಿವೇಶನದಲ್ಲಿ ಎಂ.ಎ. ಬೇಬಿ ಪ್ರಧಾನ ಕಾರ್ಯದರ್ಶಿ ಆದರು. 75 ದಾಟಿದ ಹಲವರು ಜಾಗ ಬಿಟ್ಟರು. ಒಳ್ಳೆಯದೇ ಆಯಿತು. ಆದರೂ ಹೊಸ ಪಾಲಿಟ್‌ಬ್ಯೂರೊದ 18 ಜನರಲ್ಲಿ ಹೆಂಗಸರು ಇಬ್ಬರೇ.

"ಬೇರೆ ಪಕ್ಷಗಳನ್ನು ನೋಡು, ಅಲ್ಲಿ ಅಪ್ಪ ಆದ ಮೇಲೆ ಮಗ. ನಮ್ಮಲ್ಲಿ ಶಾಖೆಯಿಂದ ಕೇಂದ್ರ ಸಮಿತಿವರೆಗೂ ಚುನಾವಣೆ ಇದೆ" ಅಂತ ಹಿರಿಯ ಕಾಮ್ರೇಡ್ ಒಬ್ಬರು ಸಮಾಧಾನ ಹೇಳಿದರು. ಇದೆ, ಒಪ್ಪುತ್ತೇನೆ. ಆದರೆ ಹೊಸ ಸಮಿತಿಗೆ ಯಾರು ಬೇಕು ಅಂತ ಪಟ್ಟಿ ಮಾಡುವುದು ಹಳೆಯ ಸಮಿತಿಯೇ. ಮಧುರೈನಲ್ಲಿ ಮಹಾರಾಷ್ಟ್ರದ ಡಿ.ಎಲ್. ಕರಾಡ್ ಕೇಂದ್ರ ಸಮಿತಿಗೆ ಆ ಪಟ್ಟಿಯ ಎದುರು ನಿಂತರು. ಸಿಕ್ಕಿದ್ದು 31 ಮತ. ಸೋತದ್ದಿರಲಿ, ಒಬ್ಬರು ಸ್ಪರ್ಧೆಗೆ ನಿಂತದ್ದೇ ದೊಡ್ಡ ಸುದ್ದಿಯಾಯಿತು. ಚುನಾವಣೆ ನಡೆಯುವ ಪಕ್ಷದಲ್ಲಿ ಇದು ಮಾಮೂಲಿ ಆಗಬೇಕಿತ್ತು. ಬೇರೆಯವರು ಕೆಟ್ಟವರು ಅನ್ನುವುದು ನನಗೆ ಉತ್ತರವೇ ಅಲ್ಲ. ಅವರಿಗೆ ನಮ್ಮಪ್ಪ ಲೆವಿ ಕೊಟ್ಟಿರಲಿಲ್ಲ.

"ತಯಾರಾದ ಹೆಂಗಸರು ಸಿಗಲ್ಲ" ಅನ್ನುವ ಮಾತನ್ನಂತೂ ನನ್ನ ಮುಂದೆ ಆಡಬೇಡಿ. ವಾರಗಟ್ಟಲೆ ರಸ್ತೆಯಲ್ಲಿ ಮಲಗಿ ಗೌರವಧನ ಜಾಸ್ತಿ ಮಾಡಿಸಿಕೊಂಡವರಿಗೆ ಒಂದು ಜಿಲ್ಲಾ ಸಮಿತಿ ನಡೆಸಲು ಬರುವುದಿಲ್ಲವೇ?

ಪ್ರತಿನಿಧಿಗಳಾಗಿ ಹೋಗುವ ಗೆಳೆಯರೇ, ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಮುಂದಿನ ಸಮ್ಮೇಳನದಲ್ಲಿ ಸುಮ್ನೆ ಕೈ ಎತ್ತಿ ಬರಬೇಡಿ. ಎದ್ದು ನಿಂತು ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಸರು ಹೇಳಿ. ಮತದಾನ ಆಗಲೇಬೇಕು ಅಂತ ಪಟ್ಟು ಹಿಡಿಯಿರಿ.