ರೀಲ್ಸ್ ಮಾಡಿದರೆ ಗೂಗಲ್‌ನಲ್ಲಿ ಮೇಲೆ ಬರ್ತೀವಾ?

ಕನ್ನಡದಲ್ಲಿ ಸಣ್ಣದೊಂದು ವೆಬ್‌ಸೈಟ್ ನಡೆಸುವವರು ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬೇಕು ಅಂತ ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಶ್ರಮ ಹಾಕಬೇಕಾ? ಮಾತಿಗೆ ಒಂದು ಆಧಾರ ಇರಲಿ ಅಂತ ಅಡಿಕೆ ತೋಟದ ಬಗ್ಗೆ ಬರೆಯುವ ಸೈಟೊಂದನ್ನು ಇಟ್ಟುಕೊಳ್ಳೋಣ. ನನ್ನ ಒಲವು ವಿರೋಧದ ಕಡೆಗೇ ಇದೆ. ಹಾಗಂತ ಪರದ ವಾದವನ್ನು ಸುಮ್ನೆ ಬೀಳಿಸೋಕೆ ಅಂತ ಬರೆದಿಲ್ಲ, ಅದರಲ್ಲೂ ಹುರುಳಿದೆ.

ಪರ

ಮಳೆ ಹಿಡಿಯುವ ಮುಂಚೆ ಮಲೆನಾಡಿನಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಂಬ ಔಷಧಿ ಹೊಡೆಸುತ್ತಾರೆ. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬರೆದರೆ ಒಂದೇ ಸಾಲು. ಆದರೆ ಮಾಡುವವನಿಗೆ ಆ ಸಾಲು ಸಾಲದು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಆಮೇಲೆ ಬ್ಲೇಡ್ ಅದ್ದಿ ನೋಡಬೇಕು. ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಆ ಕೆಂಪು ಎಷ್ಟು ಕೆಂಪು? ಎಷ್ಟು ಬರೆದರೂ ತಿಳಿಯುವುದಿಲ್ಲ, ಒಂದು ಸಲ ನೋಡಿದರೆ ಸಾಕು.

ಗೂಗಲ್‌ಗೂ ಇದು ಗೊತ್ತು. 2006ರಲ್ಲಿ ಅದು 165 ಕೋಟಿ ಡಾಲರ್ ಕೊಟ್ಟು ಯೂಟ್ಯೂಬನ್ನು ಕೊಂಡಿತು. ಮರುವರ್ಷವೇ ಸುದ್ದಿ, ಚಿತ್ರ, ವಿಡಿಯೋಗಳನ್ನು ಮಾಮೂಲಿ ಫಲಿತಾಂಶಗಳ ಜೊತೆ ಬೆರೆಸಿ ತೋರಿಸಲು ಶುರು ಮಾಡಿತು. ಈಗ ‘ಹೇಗೆ ಮಾಡುವುದು’ ಅಂತ ಏನು ಕೇಳಿದರೂ ಸಾಮಾನ್ಯವಾಗಿ ವಿಡಿಯೋಗಳ ಸಾಲೊಂದು ಕಣ್ಣಿಗೆ ಬೀಳುತ್ತದೆ. ವಿಡಿಯೋದ ಕೆಳಗಿನ ವಿವರಣೆಯಲ್ಲಿ ಸಮಯ ಬರೆದರೆ ಇನ್ನೂ ಅನುಕೂಲ. 0:00ರಿಂದ ಶುರುವಾಗಿ ಕನಿಷ್ಠ ಮೂರು ಭಾಗ, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇಲ್ಲದಂತೆ. ‘2:40 ಬ್ಲೇಡ್ ಪರೀಕ್ಷೆ’ ಅಂತ ಬರೆದಿಟ್ಟರೆ ಹುಡುಕಿದವರನ್ನು ಗೂಗಲ್ ನೇರವಾಗಿ ಅಲ್ಲಿಗೇ ಒಯ್ಯಬಹುದು.

ಕನ್ನಡದ ಮಟ್ಟಿಗೆ ಇನ್ನೊಂದು ಮಾತಿದೆ. ಇಂಗ್ಲಿಷ್‌ನಲ್ಲಿ ಯಾವ ವಿಷಯ ತೆಗೆದರೂ ಪುಟಗಳ ರಾಶಿ. ನಮ್ಮಲ್ಲಿ ತೋಟದ ಕೆಲಸದ ಬಗ್ಗೆ ಕೂತು ಸರಿಯಾಗಿ ಬರೆದವರು ಕಡಿಮೆ, ಮೊಬೈಲ್ ಹಿಡಿದು ಹೇಳಿದವರು ಜಾಸ್ತಿ. ಜನ ಇರುವ ಕಡೆ ನಾವು ಇಲ್ಲದಿದ್ದರೆ ಹೇಗೆ?

ಸೋಷಿಯಲ್ ಮೀಡಿಯಾದ ಲೈಕುಗಳನ್ನು ಗೂಗಲ್ ಎಣಿಸುವುದಿಲ್ಲ ಅನ್ನಿ, ಒಪ್ಪೋಣ. ಆದರೆ ರೀಲ್ ನೋಡಿದವರು ಆಮೇಲೆ ನಮ್ಮ ಹೆಸರು ಹಿಡಿದೇ ಹುಡುಕುತ್ತಾರಲ್ಲ, ಅದಕ್ಕೆ ಬೆಲೆ ಇದೆ. ಅಮೆರಿಕದಲ್ಲಿ ಗೂಗಲ್ ಮೇಲೆ ನಡೆದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ 2023ರಲ್ಲಿ ಕಂಪನಿಯ ಪಾಂಡು ನಾಯಕ್ ಸಾಕ್ಷಿ ಹೇಳಿದರು. ಆಗ ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯ ಕಥೆ ಹೊರಬಿತ್ತು. ಜನ ಯಾವ ಫಲಿತಾಂಶವನ್ನು ಒತ್ತಿದರು ಎಂಬ 13 ತಿಂಗಳ ಲೆಕ್ಕವನ್ನು ಅದು ಬಳಸುತ್ತದೆ. ಹೆಸರು ಗೊತ್ತಿರುವ ಸೈಟನ್ನೇ ಜನ ಒತ್ತುತ್ತಾರೆ, ಅಲ್ವಾ? ಆ ಪರಿಚಯ ಆಗುವುದು ರೀಲ್ಸ್‌ನಲ್ಲಿ. ಜೊತೆಗೆ 2025ರ ಜುಲೈನಿಂದ ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಗಳ ಸಾರ್ವಜನಿಕ ಪೋಸ್ಟುಗಳೂ ಹುಡುಕಾಟದಲ್ಲಿ ಕಾಣಿಸಲು ದಾರಿ ಆಗಿದೆ.

ವಿರೋಧ

ಕೊನೆಯ ಮಾತಿನಿಂದಲೇ ಶುರು ಮಾಡೋಣ. ‘ಲೈಕು ಎಣಿಸುವುದಿಲ್ಲ ಅನ್ನಿ, ಒಪ್ಪೋಣ’ ಅಂತ ಪರದವರು ಒಂದೇ ಉಸಿರಿನಲ್ಲಿ ದಾಟಿಬಿಟ್ಟರು. ಆದರೆ ಮುಖ್ಯ ವಿಷಯವೇ ಅದು.

ಗೂಗಲ್‌ನ ಮ್ಯಾಟ್ ಕಟ್ಸ್ 2010ರಲ್ಲಿ ಸೋಷಿಯಲ್ ಮೀಡಿಯಾದ ಸುಳಿವುಗಳನ್ನು ಬಳಸುತ್ತೇವೆ ಎಂದಿದ್ದರು. 2014ರ ಜನವರಿಯಲ್ಲಿ ಅವರೇ ಮಾತು ಬದಲಿಸಿದರು. ಫೇಸ್‌ಬುಕ್, ಟ್ವಿಟರ್ ಪುಟಗಳು ನಮಗೆ ಬೇರೆ ಎಲ್ಲ ಪುಟಗಳ ಹಾಗೇ, ಎಷ್ಟು ಲೈಕು, ಎಷ್ಟು ಫಾಲೋವರ್ಸ್ ಅಂತ ನೋಡುವುದಿಲ್ಲ ಎಂದರು. ಕಾರಣವನ್ನೂ ಕೊಟ್ಟರು. ಆ ಕಂಪನಿಗಳು ಯಾವಾಗ ಬೇಕಾದರೂ ಗೂಗಲ್‌ಗೆ ಬಾಗಿಲು ಹಾಕಬಹುದು, ಹಿಂದೆ ಹಾಗೆ ಆಗಿಯೂ ಇತ್ತು. ಅದೂ ಅಲ್ಲದೆ ಅಲ್ಲಿ ಯಾರು ಯಾರ ಸ್ನೇಹಿತರು ಅನ್ನುವುದು ದಿನಕ್ಕೊಂದು ಥರ ಬದಲಾಗುತ್ತದೆ, ಒಂದು ಸಲ ನೋಡಿ ಬರೆದಿಟ್ಟುಕೊಂಡದ್ದನ್ನು ನಂಬಿ ಕೂರಲು ಆಗುವುದಿಲ್ಲ. ನನಗಂತೂ ಈ ಕಾರಣ ಸರಿ ಅನಿಸುತ್ತದೆ. ಬೇರೆಯವರ ಕೈಲಿರುವ ಲೆಕ್ಕದ ಮೇಲೆ ತನ್ನ ಪಟ್ಟಿ ಕಟ್ಟಲು ಗೂಗಲ್‌ಗೆ ಏನು ಕರ್ಮ?

ಇನ್ನು ಲಿಂಕು. ಒಂದು ಸೈಟು ಇನ್ನೊಂದಕ್ಕೆ ಕೊಟ್ಟ ಲಿಂಕನ್ನು ಗೂಗಲ್ ಶಿಫಾರಸಿನ ಹಾಗೆ ನೋಡುತ್ತದೆ. ಫೇಸ್‌ಬುಕ್‌ನಲ್ಲಿ ನಮ್ಮ ಸೈಟಿನ ಲಿಂಕ್ ಹಾಕಿದರೆ ಬಲ ಬರುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಇಂಥ ಕಡೆಯ ಲಿಂಕುಗಳಿಗೆ ಸಾಮಾನ್ಯವಾಗಿ ‘ನೋಫಾಲೋ’ ಗುರುತು ಬಿದ್ದಿರುತ್ತದೆ. 2005ರಲ್ಲಿ ಬಂದ ಗುರುತು ಅದು. ಈ ಲಿಂಕನ್ನು ಶಿಫಾರಸು ಅಂತ ಎಣಿಸಬೇಡಿ ಅಂತ ಹೇಳುವುದೇ ಅದರ ಕೆಲಸ. 2019ರಲ್ಲಿ ಗೂಗಲ್ ಸ್ವಲ್ಪ ಸಡಿಲ ಮಾಡಿ, ಅದನ್ನು ಬರೀ ಸೂಚನೆಯಾಗಿ ನೋಡುತ್ತೇವೆ ಎಂದಿತು. ಅಷ್ಟಕ್ಕೇ ನಮ್ಮ ಹಣೆಬರಹ ಬದಲಾಗುವುದಿಲ್ಲ. ವಾಟ್ಸಾಪ್ ಗುಂಪಿನ ಫಾರ್ವರ್ಡ್ ಅಂತೂ ಗೂಗಲ್ ಕಣ್ಣಿಗೇ ಬೀಳುವುದಿಲ್ಲ.

‘ಹೆಚ್ಚು ಶೇರ್ ಆದ ಪುಟಗಳು ಮೇಲೇ ಇರುತ್ತವಲ್ಲ’ ಅನ್ನುವವರಿದ್ದಾರೆ. ಇರುತ್ತವೆ, ನಿಜ. ಪುಟ ಚೆನ್ನಾಗಿದ್ದರೆ ಜನ ಶೇರೂ ಮಾಡುತ್ತಾರೆ, ತಮ್ಮ ಸೈಟಿನಲ್ಲಿ ಅದಕ್ಕೆ ಲಿಂಕೂ ಕೊಡುತ್ತಾರೆ. ಕೊಡೆ ಬಿಚ್ಚಿದವರು ಜಾಸ್ತಿ ಕಂಡರು ಅಂತ ಕೊಡೆಯಿಂದಲೇ ಮಳೆ ಬಂತು ಅನ್ನೋಕಾಗುತ್ತಾ?

ನ್ಯಾವ್‌ಬೂಸ್ಟ್ ವಿಷಯ ಬಂತಲ್ಲ, ಅದು ಲೆಕ್ಕ ಹಾಕುವುದು ಹುಡುಕಾಟದಲ್ಲಿ ಒತ್ತಿದ್ದನ್ನು, ಇನ್‌ಸ್ಟಾಗ್ರಾಂನಲ್ಲಿ ಒತ್ತಿದ ಹಾರ್ಟುಗಳನ್ನಲ್ಲ. ರೀಲ್ ನೋಡಿದವರಲ್ಲಿ ಎಷ್ಟು ಮಂದಿ ಎದ್ದು ಹೋಗಿ ನಮ್ಮ ಹೆಸರು ಟೈಪ್ ಮಾಡುತ್ತಾರೆ? ಬೆರಳು ಆಗಲೇ ಮುಂದಿನ ರೀಲಿಗೆ ಜಾರಿರುತ್ತದೆ.

ವಿಡಿಯೋದ ಮಾತು ಸ್ವಲ್ಪ ಬೇರೆ. ಯೂಟ್ಯೂಬ್ ವಿಡಿಯೋ ಮೇಲೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮೇಲೆ ಬಂದದ್ದು ಯಾರು? ಯೂಟ್ಯೂಬ್. ನೋಡಲು ಬಂದವರು ಅಲ್ಲೇ ಉಳಿಯುತ್ತಾರೆ, ನಮ್ಮ ಸೈಟಿಗೆ ಕಾಲಿಡುವುದಿಲ್ಲ. ಹೋಗಲಿ, ಅದೇ ವಿಡಿಯೋವನ್ನು ನಮ್ಮ ಬರಹದ ನಡುವೆ ಅಂಟಿಸಿದರೆ? ಮೊದಲು ಅದರ ಚಿಕ್ಕ ಚಿತ್ರ ಹುಡುಕಾಟದಲ್ಲಿ ನಮ್ಮ ಪುಟದ ಪಕ್ಕ ಕಾಣುತ್ತಿತ್ತು. 2023ರಲ್ಲಿ ಗೂಗಲ್ ಅದನ್ನೂ ಬಿಗಿ ಮಾಡಿತು. ಪುಟದ ಮುಖ್ಯ ವಿಷಯ ವಿಡಿಯೋನೇ ಆಗಿದ್ದರೆ ಮಾತ್ರ ಚಿತ್ರ. ಬರಹಕ್ಕೆ ಒಗ್ಗರಣೆಯಾಗಿ ಹಾಕಿದ ವಿಡಿಯೋಗೆ ಆ ಲಾಭ ಇಲ್ಲ.

ನಷ್ಟ ಬೇಕಾದರೆ ಇದೆ. 2021ರಿಂದ ಪುಟ ತೆರೆಯುವ ವೇಗ, ತೆರೆಯುವಾಗ ಅಕ್ಷರಗಳು ಜಿಗಿಯದೆ ನಿಲ್ಲುತ್ತವಾ ಅನ್ನುವುದನ್ನೂ ಗೂಗಲ್ ಅಳೆಯುತ್ತದೆ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಮಾಮೂಲಿ ರೀತಿಯಲ್ಲಿ ಯೂಟ್ಯೂಬ್ ವಿಡಿಯೋ ಅಂಟಿಸಿದರೆ, ಯಾರೂ ಅದನ್ನು ಒತ್ತದಿದ್ದರೂ ಅದರ ಸರಂಜಾಮೆಲ್ಲ ಇಳಿಯುತ್ತದೆ. ತೋಟದ ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಇಟ್ಟುಕೊಂಡು ನಿಂತವನನ್ನು ನೆನೆಸಿಕೊಳ್ಳಿ. ಅವನಿಗೆ ಬೇಕಾದದ್ದು ‘ಎಷ್ಟು ಸುಣ್ಣ’ ಎಂಬ ಒಂದು ಸಾಲು. ಪರದೆ ಬೆಳ್ಳಗೇ ಇರುತ್ತದೆ, ಸಾಲು ಕಂಡಿತು ಅನ್ನುವಷ್ಟರಲ್ಲಿ ಮೇಲಿಂದ ಕಪ್ಪು ಚೌಕ ಬಂದು ಅದನ್ನು ಕೆಳಕ್ಕೆ ತಳ್ಳುತ್ತದೆ. ವಿಡಿಯೋ ಹಾಕಲೇಬೇಕು ಅಂದರೆ ಬರೀ ಚಿತ್ರ ತೋರಿಸಿ, ಒತ್ತಿದ ಮೇಲೆ ಲೋಡ್ ಆಗುವ ಹಾಗೆ ಮಾಡಿ.

ಬಾಡಿಗೆ ಜಾಗದ ಭಯ ಬೇರೆ. ಗೂಗಲ್ ತನ್ನದೇ ಸೋಷಿಯಲ್ ಮೀಡಿಯಾ ಆಗಿದ್ದ ಗೂಗಲ್ ಪ್ಲಸ್‌ಗೆ 2019ರಲ್ಲಿ ಬೀಗ ಹಾಕಿತು. 2020ರ ಜೂನ್ 29ಕ್ಕೆ ನಮ್ಮಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅಲ್ಲಿ ಫಾಲೋವರ್ಸ್ ಕೂಡಿಸಿದವರು ಬೇರೆ ಕಡೆ ಹೋಗಿ ಒಂದರಿಂದ ಎಣಿಸಬೇಕಾಯಿತು.

ಬೋರ್ಡೋ ವಿಷಯಕ್ಕೇ ಬರ್ತೀನಿ. ಮೊದಲ ಸಲ ಹೊಡೆದು 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ನಾಳೆ ಈ ಸಲಹೆ ಬದಲಾಯಿತು ಅಂದುಕೊಳ್ಳಿ, ಅಥವಾ ನಾವೇ ಅಂಕಿ ತಪ್ಪಿ ಹೇಳಿದ್ದೇವೆ ಅಂದುಕೊಳ್ಳಿ. ಪುಟದಲ್ಲಾದರೆ ಒಂದು ಸಾಲು ತಿದ್ದಿದರೆ ಮುಗಿಯಿತು. ವಿಳಾಸ ಅದೇ, ಬಂದಿದ್ದ ಲಿಂಕುಗಳೂ ಹಾಗೇ ಇರುತ್ತವೆ. ಯೂಟ್ಯೂಬ್‌ಗೆ ಏರಿಸಿದ ವಿಡಿಯೋದ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಬೇಕಾದರೆ ತುಂಡು ಕತ್ತರಿಸಬಹುದು, ಮಾತು ಬದಲಿಸಲು ಆಗದು. ಹೊಸದಾಗಿ ಏರಿಸಬೇಕು, ವ್ಯೂಸ್ ಸೊನ್ನೆಯಿಂದ ಶುರು. ಹಳೆಯದನ್ನು ಅಳಿಸಿದರೂ ಫಾರ್ವರ್ಡ್ ಆದ ರೀಲು ಮುಂದಿನ ಮಳೆಗಾಲದಲ್ಲೂ ಹಳೇ ಅಳತೆಯನ್ನೇ ಹೇಳುತ್ತಿರುತ್ತದೆ.